ಪೇರಂಟಕ್ಕೆ ಬಂದ ಡಾಕ್ಟರಮ್ಮ

ತೊಂಬತ್ತರ ದಶಕದ ಮೊದಲಲ್ಲಿ, ವಿಶಾಖಪಟ್ಟಣದ ಪಕ್ಕದ ಗಾಜುವಾಕದಲ್ಲಿ, ನಮ್ಮ ಬಾಡಿಗೆ ಮನೆಯ ಕೆಳಗೆ ಒಂದು ಭಾನುವಾರ ಶಾಮಿಯಾನ ಎದ್ದಿತು. ಸ್ತನ ಕ್ಯಾನ್ಸರಿನ ಉಚಿತ ತಪಾಸಣೆ ಎಂದು ದಪ್ಪ ತೆಲುಗು ಅಕ್ಷರದ ಬ್ಯಾನರು. ಎದುರಿಗೇ ಆಟೋ ಸ್ಟ್ಯಾಂಡು. ಅಷ್ಟು ಗಂಡಸರ ಕಣ್ಣೆದುರು ಆ ಬ್ಯಾನರಿನ ಕೆಳಗೆ ನುಗ್ಗುವ ಹೆಂಗಸು ಯಾವ ಊರಲ್ಲಿದ್ದಾಳೆ? ಡಾಕ್ಟರಮ್ಮ ಸಂಜೆಯವರೆಗೆ ನೊಣ ಹೊಡೆಯುತ್ತ ಕೂತರು. ಆಮೇಲೆ ನೀರು ಕುಡಿಯಲು ನಮ್ಮ ಮನೆಗೆ ಬಂದು, ಇಲ್ಲಿಯ ಹೆಂಗಸರಿಗೆ ತಿಳಿವಳಿಕೆ ಇಲ್ಲ ಎಂದುಬಿಟ್ಟರು. ನನಗೆ ಸಿಟ್ಟು ಬಂತು. ತಿಳಿವಳಿಕೆ ಇಲ್ಲದ್ದು ಶಾಮಿಯಾನ ಹಾಕಿದವರಿಗೆ ಎಂದೆ.

ನನ್ನ ಗಂಡನ ಬ್ಯಾಂಕ್ ವರ್ಗಾವಣೆಯಿಂದಾಗಿ ಧಾರವಾಡ ಬಿಟ್ಟು ನಮ್ಮೊಂದಿಗೆ ಬಂದಿದ್ದ ಅತ್ತೆ ಅಡುಗೆಮನೆಯಿಂದಲೇ ಉಪಾಯ ಹೇಳಿದರು.

"ಡೇರೆ ಹಾಕಿ ಕರದ್ರ ಯಾರ ಬರ್ತಾರ? ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ಕರಿ. ಡಾಕ್ಟರು ಒಳಗಿನ ಕೋಣ್ಯಾಗ ಕೂಡ್ಲಿ."

ತೆಲುಗಿನವರು ಅದನ್ನು ಪೇರಂಟ ಎನ್ನುತ್ತಾರೆ. ಕರೆದರೆ ಬಾರದಿರುವಂತಿಲ್ಲ. ಆ ಶುಕ್ರವಾರ ಇಡೀ ಬೀದಿಯೇ ಬಂತು. ಮೊದಲು ಪಾದಕ್ಕೆ ಅರಿಶಿನ, ನೆನೆಸಿದ ಕಡಲೆ, ಎಲೆ-ಅಡಿಕೆ. ಆಮೇಲೆ ಒಬ್ಬೊಬ್ಬರಾಗಿ ಒಳಕೋಣೆ. ಪಕ್ಕದ ಮನೆಯಾಕೆ ನಗುತ್ತ ಹೊರಬಂದು, ಡಾಕ್ಟರಮ್ಮನ ಕೈ ತಣ್ಣಗಿದೆ, ಅಷ್ಟೇ ಎಂದ ಮೇಲೆ ಸರದಿಗಾಗಿ ಜಗಳವೇ ಆಯಿತು. ಡಾಕ್ಟರಮ್ಮ ಹಿಗ್ಗಿಹೋದರು. ಇನ್ನು ಯಾರೂ ಉಳಿದಿಲ್ಲ ತಾನೇ ಎಂದು ಕೇಳಿದರು. ಯಾರೂ ಇಲ್ಲ ಎಂದು ಜಂಬದಿಂದ ಹೇಳಿ, ಕಾಫಿ ತರಲು ಹೋದೆ.

ಅತ್ತೆ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು. ಎಡಗೈ ಸೆರಗಿನೊಳಗೆ, ಎದೆಯ ಒಂದೇ ಜಾಗವನ್ನು ಒತ್ತಿಕೊಂಡಿತ್ತು. ಕೇಳಿದರೆ, ಯುಗಾದಿಯಿಂದಲೂ ಗಂಟಿದೆ, ಹೇಳಲು ನಾಚಿಕೆಯಾಯಿತು, ಡಾಕ್ಟರು ಮನೆಗೇ ಬಂದರೆ ಹೇಗೋ ತೋರಿಸಬಹುದು ಎಂದುಕೊಂಡಿದ್ದೆ ಅಂದರು. ಮತ್ತೆ ಹೊರಗೆ ಯಾಕೆ ಬರಲಿಲ್ಲ ಎಂದೆ.

"ಮುತ್ತೈದೇರ ನಡುವ ನಾ ಹ್ಯಾಂಗ ಬರ್ಲಿ?"

ಮಾವ ತೀರಿಕೊಂಡ ಮೇಲೆ ಅವರು ಯಾರ ಮನೆಯ ಅರಿಶಿನ-ಕುಂಕುಮಕ್ಕೂ ಹೋಗಿರಲಿಲ್ಲ. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಕೈ ಹಿಡಿದು, ಕೂತಿದ್ದ ಎಲ್ಲರ ನಡುವಿನಿಂದಲೇ ಅವರನ್ನು ಒಳಕೋಣೆಗೆ ಕರೆದೊಯ್ದೆ. ಯಾರೂ ಮುಖ ತಿರುಗಿಸಲಿಲ್ಲ. ಪಕ್ಕದ ಮನೆಯಾಕೆ ಎದ್ದು ದಾರಿ ಬಿಟ್ಟಳು.

ಗಂಟು ಇನ್ನೂ ಚಿಕ್ಕದಿತ್ತು. ವಿಶಾಖಪಟ್ಟಣದಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಸಾಂಬಾರನ್ನು ಅತ್ತೆ ಬಾಯಿತುಂಬ ಬೈದ ದಿನ ನನಗೆ ಹೋದ ಜೀವ ಬಂದಂತಾಯಿತು.

ಮರುವರ್ಷದ ಶ್ರಾವಣಕ್ಕೆ ಡಾಕ್ಟರಮ್ಮ ಮತ್ತೆ ಬರುತ್ತೇನೆಂದರು. ಕರೆಯಲು ಅತ್ತೆಯೇ ಹೊರಟರು. ಮೊದಲು ಹೋದದ್ದು ಮೂಲೆಮನೆಯ ವಿಧವೆ ಅಜ್ಜಿಯ ಬಾಗಿಲಿಗೆ. ನನ್ನನ್ನು ಪೇರಂಟಕ್ಕೆ ಯಾರಮ್ಮ ಕರೆಯುತ್ತಾರೆ ಎಂದು ಆಕೆ ಬಾಗಿಲು ಮುಂದೆ ಮಾಡಲು ಹೋದರು. ಅತ್ತೆ ಕಲಿತಿದ್ದ ನಾಲ್ಕು ತೆಲುಗು ಮಾತನ್ನೂ ಮರೆತು, ಬಾಗಿಲಿಗೆ ಕೈ ಅಡ್ಡ ಕೊಟ್ಟು ಧಾರವಾಡದ ಮಾತಿನಲ್ಲೇ ಹೇಳಿದರು:

"ನಾ ಕರೀಲಿಕ್ಕೆ ಬಂದೀನಲ್ಲ."