ಕಪ್ಪು ಹಾಳೆಯ ಮೇಲೆ ಅವ್ವನ ಕೈ

ಮೇಡಂ ಅವರ ಬಲಗೈ ತೋರುಬೆರಳ ತುದಿ ಸುಟ್ಟು ಸುಟ್ಟು ದಪ್ಪಗಾಗಿತ್ತು. ಹೆಬ್ಬಾಳದ ಹತ್ತಿರದ ನಮ್ಮ ಲ್ಯಾಬಿನಲ್ಲಿ ಥರ್ಮಾಮೀಟರಿಗೇನೂ ಬರವಿರಲಿಲ್ಲ. ಆದರೂ ದೋಸೆ ಹೆಂಚು ನೋಡುವ ಹಾಗೆ, ಪುಡಿ ಕಾಯಿಸುವ ಬಿಸಿ ತಟ್ಟೆಗೆ ಚುರ್ ಎಂದು ಬೆರಳಿಟ್ಟೇ ನೋಡಬೇಕು ಅವರಿಗೆ. ಎಂಬತ್ತರ ದಶಕದ ಆರಂಭ. ನಾನು ಗದಗದಿಂದ ಸಂಶೋಧನೆಗೆಂದು ಬಂದು ಆರ್.ಟಿ. ನಗರದಲ್ಲಿ ರೂಮು ಮಾಡಿಕೊಂಡಿದ್ದೆ. ಅವರು ನನ್ನ ಗೈಡು.

ನಮ್ಮ ಕೆಲಸ ದ್ರವಸ್ಫಟಿಕಗಳದ್ದು, ಅಂದರೆ ಲಿಕ್ವಿಡ್ ಕ್ರಿಸ್ಟಲ್‌ಗಳದ್ದು. ಮೊದಲ ಸಲ ನಾನು ಕಾಯಿಸಿದ ಪುಡಿ ಕರಗಿ, ತಿಳಿಯಾಗುವ ಬದಲು ಗಂಜಿಯಂತೆ ಬೆಳ್ಳಗೆ ನಿಂತಿತು. ಕೆಟ್ಟಿತೆಂದು ಚೆಲ್ಲಲು ಹೊರಟೆ.

"ಕೆಟ್ಟಿಲ್ಲ ಕಣೇ, ಅದರ ಗುಣಾನೇ ಅದು," ಎಂದರು ಮೇಡಂ. "ಯಲಹಂಕ ಬಸ್ಸಲ್ಲಿ ಜನ ಹೆಂಗಿರ್ತಾರೆ? ತಳ್ಕೊಂಡು ಮುಂದೆ ಹೋಗ್ತಾನೇ ಇರ್ತಾರೆ, ಆದ್ರೆ ಎಲ್ರ ಮುಖಾನೂ ಡ್ರೈವರ್ ಕಡೇನೇ. ಇದೂ ಅಷ್ಟೆ. ನೀರಿನ ಥರ ಹರಿಯುತ್ತೆ, ದಿಕ್ಕು ಬಿಡಲ್ಲ. ಇನ್ನಷ್ಟು ಕಾಯ್ಸು, ಆಗ ದಿಕ್ಕೂ ತಪ್ಪಿ ತಿಳಿಯಾಗುತ್ತೆ."

ಹಾಗೇ ಆಯಿತು. ಕ್ಯಾಲ್ಕುಲೇಟರಿನ ಕಪ್ಪು ಅಂಕಿಗಳೂ ಇದರದೇ ಆಟ, ವಿದ್ಯುತ್ತು ತಾಗಿದರೆ ಅಣುಗಳು ದಿಕ್ಕು ಬದಲಿಸುತ್ತವೆ ಎಂದು ತಿಳಿದ ದಿನ ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಎರಡನೇ ವರ್ಷ ನನ್ನನ್ನು ಕರೆದೊಯ್ಯಲು ಅವ್ವ ಬಂದಳು. ಊರಿನಲ್ಲಿ ಗಂಡು ನೋಡಿಯಾಗಿತ್ತು. ಓದು ಸಾಕು ಎಂಬುದು ಮನೆಯವರ ತೀರ್ಮಾನ. ಅವ್ವ ಲ್ಯಾಬಿಗೇ ಬಂದು ಮೇಡಂ ಎದುರು ಕೂತಳು.

"ಈಕಿ ಇಲ್ಲಿ ಏನ್ ಮಾಡ್ತಾಳ್ರೀ? ಊರಾಗ ಯಾರರ ಕೇಳಿದ್ರ ನನಗ ಹೇಳಾಕ ಬರೂದಿಲ್ಲ."

ಮೇಡಂ ವಾದಕ್ಕಿಳಿಯಲಿಲ್ಲ. ನಾನು ದ್ರವಸ್ಫಟಿಕ ಸವರಿ ಮಾಡಿದ್ದ ಕಪ್ಪು ಹಾಳೆಯೊಂದನ್ನು ಮೇಜಿನ ಮೇಲೆ ಹಾಸಿ, "ಇಲ್ಲಿ ಕೈ ಇಟ್ಟು ತೆಗೀರಿ ಅಮ್ಮಾ," ಎಂದರು. ಅವ್ವ ಅನುಮಾನದಿಂದಲೇ ಇಟ್ಟು ತೆಗೆದಳು. ಅಬ್ಬಬ್ಬಾ! ಕಪ್ಪಿನ ನಡುವೆ ಅವಳ ಕೈ ಮೂಡಿತ್ತು. ಒತ್ತಿದಲ್ಲಿ ನೀಲಿ, ಅಂಚಿಗೆಲ್ಲ ಹಸಿರು. ನೋಡುನೋಡುತ್ತಿದ್ದಂತೆ ಕೆಂಪಗಾಗಿ ಮಾಸಿತು.

"ಅಯ್ಯ, ಹೋತಲ್ರೀ!"

"ಬಿಸಿ ಆರ್ತು ಅಷ್ಟೆ. ಮತ್ತೆ ಇಡಿ, ಮತ್ತೆ ಬರುತ್ತೆ. ಮೈಯಲ್ಲಿ ಎಲ್ಲಿ ಬಿಸಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ಡಾಕ್ಟ್ರು ಇದ್ರಲ್ಲಿ ನೋಡ್ಬಹುದು. ನಿಮ್ಮ ಮಗಳು ಮಾಡಿರೋದು ಇದು."

ಅವ್ವ ಮತ್ತೆ ಇಟ್ಟಳು. ಎಷ್ಟು ಸಲವೋ! ಕೊನೆಗೆ ಎದ್ದು ಸೆರಗು ಸರಿಮಾಡಿಕೊಂಡು, "ಊರಾಗ ನಾ ಹೇಳ್ತೀನಿ. ಈಕೀನ್ನ ನಿಮ್ಮ ಉಡ್ಯಾಗ ಹಾಕಿ ಹೊಂಟೇನ್ರೀ," ಎಂದಳು. ನಾನು ಅಲ್ಲೇ ಅತ್ತುಬಿಟ್ಟೆ. "ಅತ್ತಿದ್ದು ಸಾಕು, ತಟ್ಟೆ ಕಾದಿದೆ ನೋಡು," ಎಂದು ಮೇಡಂ ಗದರಿದರು.

ಮೇಡಂ ಅವರನ್ನು ಕೊನೆಯ ಸಲ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಆಸ್ಪತ್ರೆಯಲ್ಲಿ. ಹೆಚ್ಚು ಮಾತಾಡಲು ಆಗುತ್ತಿರಲಿಲ್ಲ. ನನ್ನ ಕೈ ತೆಗೆದುಕೊಂಡು, ತೋರುಬೆರಳ ತುದಿಯನ್ನು ಸವರಿ ನೋಡಿ, "ನಿಂದೂ ದಪ್ಪಗಾಗಿದೆ ಕಣೇ," ಎಂದು ನಕ್ಕರು. ಆ ವಾರವೇ ಹೋದರು.

ಈಗ ನನ್ನದೇ ಲ್ಯಾಬಿದೆ, ಬೇಕಾದಷ್ಟು ಥರ್ಮಾಮೀಟರುಗಳಿವೆ. ಆದರೂ ತಟ್ಟೆ ಕಾದಿದೆಯೇ ಎಂದು ನಾನು ಬೆರಳಿಟ್ಟೇ ನೋಡುತ್ತೇನೆ.