ಎರಡು ಸೀಮೆಗಳ ನಡುವಿನ ಹಾವು

ನನ್ನ ಮೊಮ್ಮಗಳ ಹಾವಿನ ಮರಿಗಳಿಗೆ ಪ್ರದರ್ಶನದಲ್ಲಿ ಜಾಗ ಸಿಕ್ಕಿತು! ಅದೂ ಅವಳು ಹೇಳಿದ ಹೆಸರಿನಲ್ಲೇ! ಓದು ಬರಹ ನನಗೆ ಅಷ್ಟಕ್ಕಷ್ಟೇ, ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ಹಾವೆಂದರೆ ನಾಗರಹಾವಲ್ಲ, ಅಮೆರಿಕದ ಕಿಂಗ್‌ಸ್ನೇಕ್, ವಿಷವಿಲ್ಲ. ಹಾಗಿದ್ದರೂ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿರುವ ಮಗನ ಮನೆಗೆ ಬಂದಾಗಿನಿಂದ ಅವಳ ಕೋಣೆಯತ್ತ ನಾನು ತಲೆ ಹಾಕಿದವಳಲ್ಲ. ಆ ದಿನ ಎರಡು ಮರಿಗಳನ್ನು ಬಟ್ಟೆಯ ಚೀಲಗಳಲ್ಲಿಟ್ಟುಕೊಂಡು ಅವಳು ಪ್ರದರ್ಶನದ ತಕರಾರು ಬಗೆಹರಿಸಲು ಹಾವು ಸಾಕುವವರ ಸಂಘಕ್ಕೆ ಹೊರಟಳು. ಚಳಿಗಾಲವೆಲ್ಲ ಒಳಗೇ ಕೂತು ಸಾಕಾಗಿತ್ತು, ನಾನೂ ಹೊರಟೆ. ನಮ್ಮ ಹಳೇ ಲಿಫ್ಟ್ ಕೆಳಗಿನ ಮಹಡಿಯ ಹತ್ತಿರ ಬಂದು ಗಕ್ಕನೆ ನಿಂತಿತು. ಬಾಗಿಲು ತೆರೆಯಲಿಲ್ಲ.

ಮೊಮ್ಮಗಳು ತುರ್ತು ಗುಂಡಿ ಒತ್ತಿದರೆ, ರಿಪೇರಿಯವರು ಬರುವವರೆಗೆ ಕಾಯಿರಿ ಎಂದು ಲಿಫ್ಟ್ ಕಂಪನಿಯವರು ಹೇಳಿದರಂತೆ. ಯಾವ ಕಡೆ ಕೈ ಚಾಚಿದರೂ ಗೋಡೆ. ಥಂಡಿ ಬೇರೆ.

"ಅಜ್ಜಿ, ಮರಿಗಳಿಗೆ ಕೋಲ್ಡ್ ಆಗಬಾರ್ದು. ಒಂದನ್ನ ನನ್ನ ಜಾಕೆಟ್‌ನಲ್ಲಿ ಇಟ್ಕೋತೀನಿ. ಒಂದು ನಿಂಗೆ."

"ಅಯ್ಯೋ, ಸ್ನಾನ ಮಾಡಿ ಬಂದಿದೀನಿ ಕಣೇ!"

"ಪ್ಲೀಸ್ ಅಜ್ಜಿ. ಸತ್ತೋಗುತ್ತೆ."

ಸೆರಗನ್ನು ಮಡಿಲು ಮಾಡಿ ಚೀಲವನ್ನು ಹೊಟ್ಟೆಗೆ ಆನಿಸಿಕೊಂಡೆ. ಅದು ಮಿಸುಕಿದಾಗಲೆಲ್ಲ ಶಿವ ಶಿವ ಎಂದೆ. ಸುಮ್ಮನಿದ್ದರೆ ಹೆದರಿಕೆ ಹೆಚ್ಚುತ್ತದೆಂದು, "ಸಂಘದವರ ತಕರಾರೇನೇ?" ಎಂದು ಕೇಳಿದೆ.

"ಪ್ಯೂರ್ ಉಪಜಾತಿ ಮಾತ್ರ ಇಡ್ತಾರಂತೆ. ಇವು ಎರಡು ಉಪಜಾತಿ ಸೇರೋ ಜಾಗದ್ದು. ಇವತ್ತೇ ಯಾವ್ದಾದ್ರೂ ಒಂದು ಹೆಸರು ಹೇಳ್ಬೇಕು. ಇಲ್ಲಾಂದ್ರೆ ಬೆರಕೆ ಅಂತ ವಾಪಸ್."

"ಬೆರಕೆ ತಾನೇ ಮತ್ತೆ?"

"ಕ್ವಾಚ್! ಅರ್ಥವಿಲ್ಲದ ಮಾತು ಅಜ್ಜಿ. ಬೆರಕೆ ಅಂದ್ರೆ ಮನುಷ್ಯರು ಪೆಟ್ಟಿಗೇಲಿ ಕೂಡಿಸಿದ್ದು. ಇವುಗಳ ಅಜ್ಜ ಅಜ್ಜಿ ಕಾಡಲ್ಲೇ ಹೀಗಿದ್ರು. ಆ ಕಡೆ ಒಂದು ಥರ, ಈ ಕಡೆ ಇನ್ನೊಂದು ಥರ, ನಡುವೆ ಇವು. ಯಾರೂ ಬೆರೆಸಿಲ್ಲ."

ಲಿಫ್ಟ್‌ನಲ್ಲಿ ಸಿಕ್ಕಿಕೊಂಡಿದ್ದೇವೆಂದು ಅವಳು ಸಂಘಕ್ಕೆ ಫೋನ್ ಮಾಡಿದ್ದೇ ತಡ, ಪಕ್ಕದ ಬೀದಿಯಲ್ಲೇ ಇರುವ ಸಂಘದ ಯಜಮಾನಿ ಖುದ್ದಾಗಿ ಬಂದರು. ಬಾಗಿಲಿನ ಗಾಜಿನ ಪಟ್ಟಿಯಾಚೆ ಅವರ ಮುಖ ಕಂಡಿತು. ಆಚೆಯಿಂದ ಅವರು, ಈಚೆಯಿಂದ ಇವಳು, ಜರ್ಮನ್‌ನಲ್ಲಿ ಒಂದೇ ವಾಗ್ವಾದ.

"ಎರಡರಲ್ಲಿ ಯಾವ್ದಾದ್ರೂ ಒಂದು ಹೆಸರು ಹಾಕು, ಈಗ್ಲೇ ಒಪ್ತೀನಿ ಅಂತಿದ್ದಾರೆ."

"ಹಾಕೇ ಮಾರಾಯ್ತಿ! ಯಾರಿಗೆ ಗೊತ್ತಾಗುತ್ತೆ?"

"ಸುಳ್ಳು ಹೇಳಿ ಇಡೋದಾದ್ರೆ ನಂಗೆ ಬೇಡ."

ತನ್ನ ಮರಿಯನ್ನು ತೆಗೆದು ಗಾಜಿಗೆ ಹಿಡಿದಳು. ಕಪ್ಪು ಮೈಮೇಲೆ ಸರಪಳಿಯಂಥ ಬಿಳಿ ಪಟ್ಟಿ. ಆಮೇಲೆ ನನ್ನ ಮಡಿಲಿನದನ್ನೂ ತೆಗೆದಳು. ಅದರ ಪಟ್ಟಿ ಮಸುಕು, ನಡುವೆಲ್ಲ ಹಳದಿ ಚುಕ್ಕೆ. ಎರಡೂ ಒಂದೇ ತಾಯಿಯ ಒಂದೇ ಸಲದ ಮೊಟ್ಟೆಗಳಿಂದ ಬಂದವು. ಒಡಹುಟ್ಟಿದ ಇವೆರಡಕ್ಕೂ ಒಪ್ಪುವ ಒಂದು ಹೆಸರನ್ನು ನೀವೇ ಹೇಳಿ ಎಂದಳಂತೆ.

ಆಯಮ್ಮ ಫೋನಿನ ಬೆಳಕು ಹಾಕಿ ನೋಡಿದರು. ನೋಡಿಯೇ ನೋಡಿದರು. ಕೊನೆಗೆ ಏನೋ ಅಂದು ತಲೆಯಾಡಿಸಿದರು.

"ಅಜ್ಜೀ! ಎರಡೂ ಹೆಸರು ಬರೆದು, ನಡುವಿನ ಸೀಮೆಯ ಸಹಜ ಹಾವು ಅಂತ ಹಾಕ್ತಾರಂತೆ!"

ಬಾಗಿಲಿನ್ನೂ ತೆರೆದಿರಲಿಲ್ಲ. ಆ ಡಬ್ಬಿಯೊಳಗೇ ಅವಳನ್ನು ತಬ್ಬಿಕೊಂಡೆ, ಹಾವುಗಳ ಸಮೇತ.

ಕೊನೆಗೂ ರಿಪೇರಿಯವರು ಬಂದು ಬಾಗಿಲು ತೆರೆದರು. ಸಂಜೆ ಮಗ, ಸೊಸೆ, ಮೊಮ್ಮಗಳು, ನಾನು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮೊಮ್ಮಗಳು ಶಾವಿಗೆ ಪಾಯಸಕ್ಕೆ ಮತ್ತೆ ಮತ್ತೆ ಲೋಟ ಚಾಚಿದಳು. "ನಂಗೂ ಒಂಚೂರು ಉಳಿಸ್ರಮ್ಮಾ" ಎಂದ ಮಗ. ನಾನು ಪಾತ್ರೆಯನ್ನೇ ಅವಳ ಮುಂದಿಟ್ಟೆ.