ಪಾದ್ರಿ ಆಡದ ಮಾತು

ವರ್ಮಾಂಟಿನ ಕಲ್ಲುಗಣಿಯ ಊರಲ್ಲಿ ಟೋಪಿ ಹೊಲಿಯುತ್ತಿದ್ದ ಥರ್ಜಾ ಕೋಲ್ಬರ್ನ್ ನಲವತ್ತು ದಾಟಿದ ಮೇಲೆ ಪುಸ್ತಕ ನೋಡಿಕೊಂಡೇ ಶೀಘ್ರಲಿಪಿ ಕಲಿತಳು. ಹಾಸಿಗೆ ಹಿಡಿದ ಅಕ್ಕ ಲೊವೀನಾಗೆ ಚರ್ಚಿಗೆ ಹೋಗಲಾಗುತ್ತಿರಲಿಲ್ಲ. ಪಾದ್ರಿ ಅಮಾಸ ವೈಲ್ಡರ್ ಭಾನುವಾರ ಆಡಿದ್ದನ್ನೆಲ್ಲ ಗೀಚಿಕೊಂಡು ಬಂದು, ಊಟಕ್ಕೆ ಕೂತಾಗ ಅಕ್ಕನಿಗೆ ಓದಿ ಹೇಳುವಳು. ಹೀಗೆ ಒಂಬತ್ತು ವರ್ಷ ನಡೆಯಿತು.

ಪಾದ್ರಿ ಯಾವತ್ತೂ ಬರೆದುಕೊಂಡು ಬೋಧಿಸಿದವರಲ್ಲ. ೧೮೭೪ರ ಬೇಸಿಗೆಯಲ್ಲಿ ಅವರ ಬೋಧನೆಗಳ ಪುಸ್ತಕವೊಂದು ಬಾಸ್ಟನ್ನಿನಿಂದ ಬಂದಿಳಿಯಿತು. ಗ್ರೇವ್ಸ್ ಎಂಬ ಪ್ರಕಾಶಕ ಅವರನ್ನು ಒಂದು ಮಾತೂ ಕೇಳದೆ, ಚರ್ಚಿನ ಹಿಂದಿನ ಬೆಂಚಿನಲ್ಲಿ ಯಾರನ್ನೋ ಕೂರಿಸಿ ಬರೆಸಿಕೊಂಡಿದ್ದ. "ಬಡವರನ್ನು ಬಡವರಾಗಿಟ್ಟವನು ದೇವರು" ಎಂದಿತ್ತು ಅದರಲ್ಲಿ.

ಗಣಿಯ ಕೆಲಸಗಾರರು ಕೆರಳಿದರು. "ದೇವ್ರ ಹೆಸ್ರಲ್ಲಿ ನಮ್ಮ ಹೊಟ್ಟೆ ಮೇಲೆ ಹೊಡೀತೀರಾ?" ಎಂದು ಮೇಸ್ತ್ರಿ ಮೈಕಾ ಚರ್ಚಿನ ಬಾಗಿಲಲ್ಲೇ ಪುಸ್ತಕ ಬಿಸಾಡಿದ. ಬೆಂಚುಗಳು ಖಾಲಿಯಾದವು. ನೊಂದ ಪಾದ್ರಿ ದಾವೆ ಹೂಡಿದರು. ಆದರೆ ಯಾವತ್ತೋ ಆಡಿದ ಮಾತು ಯಾರಿಗೂ ಸರಿಯಾಗಿ ನೆನಪಿಲ್ಲ, ತಾವು ಹಾಗೆ ಆಡಿಲ್ಲ ಎನ್ನಲು ಸಾಕ್ಷಿ ಎಲ್ಲಿ?

"ಬೆಪ್ಪುತಕ್ಕಡಿ ಹಾಗೆ ಕೂತಿದ್ದೀಯಲ್ಲೇ! ಎಲ್ಲಾ ನಿನ್ಹತ್ರ ಇದೆಯಲ್ಲ," ಎಂದು ಲೊವೀನಾ ಗದರಿದಳು.

ಥರ್ಜಾ ನೋಟ್‌ಬುಕ್ಕುಗಳನ್ನು ಹೊತ್ತು ಕೋರ್ಟಿಗೆ ಹೋದಳು. ಗ್ರೇವ್ಸ್‌ನ ವಕೀಲ ಪುಟ ತಿರುವಿ ನಕ್ಕ. "ಕೋಳಿ ಕೆರೆದ ಹಾಗಿದೆಯಲ್ಲಮ್ಮ! ನೀನೇ ಓದ್ಬೇಕು, ನೀನೇ ನಂಬಬೇಕು."

ಥರ್ಜಾ ನೋಟ್‌ಬುಕ್ಕಿನ ಖಾಲಿ ಪುಟ ತೆರೆದಳು. "ನೀವೇ ಏನಾದ್ರೂ ಓದಿ ಸ್ವಾಮಿ, ಬರ್ಕೋತೀನಿ. ಎಷ್ಟು ಬೇಗ ಓದಿದ್ರೂ ಸರಿ."

ನ್ಯಾಯಾಧೀಶರು ತಲೆಯಾಡಿಸಿದರು. ವಕೀಲ ಪತ್ರಿಕೆ ಹಿಡಿದು, ಹಡಗುಗಳ ಸುದ್ದಿ, ಮರಣವಾರ್ತೆ, ಕುದುರೆ ಜಾಹೀರಾತು ಎಲ್ಲವನ್ನೂ ಉಸಿರು ಬಿಡದೆ ಹತ್ತು ನಿಮಿಷ ಓದಿದ. ಥರ್ಜಾ ಎದ್ದು, ಬರೆದುಕೊಂಡದ್ದನ್ನು ಒಂದಕ್ಷರ ತಪ್ಪದೆ ಓದಿ ಒಪ್ಪಿಸಿದಳು. ಕೊನೆಗೆ, "'ಅಯ್ಯೋ, ಒಂಚೂರು ನೀರು ಕೊಡ್ರಪ್ಪಾ'. ಇದು ಪತ್ರಿಕೇಲಿರ್ಲಿಲ್ಲ, ನೀವಂದದ್ದು," ಎಂದಳು. ಕೋರ್ಟೆಲ್ಲ ನಗೆಯಲ್ಲಿ ಮುಳುಗಿತು.

"ಈಗ ಪಾದ್ರಿಗಳು ಬಡವರ ಮಾತು ಆಡಿದ ಭಾನುವಾರದ್ದು ಓದಮ್ಮ," ಎಂದರು ನ್ಯಾಯಾಧೀಶರು.

"ಬಡವರನ್ನು ಬಡವರಾಗಿಟ್ಟವನು ದೇವರಲ್ಲ, ನಾವು."

ಗ್ರೇವ್ಸ್‌ನ ಪುಸ್ತಕದ ಮಾರಾಟಕ್ಕೆ ನ್ಯಾಯಾಧೀಶರು ಅಂದೇ ತಡೆ ಹಾಕಿದರು. ಹೊರಗೆ ಮೆಟ್ಟಿಲ ಮೇಲೆ ಮೈಕಾ ತಲೆ ತಗ್ಗಿಸಿ, "ತಪ್ಪಾಯ್ತು ಪಾದ್ರಿಗಳೇ," ಎಂದ. ಪಾದ್ರಿ ಅವನ ಕೈ ಹಿಡಿದುಕೊಂಡರು. ಗಣಿಯವರು ಥರ್ಜಾಳನ್ನು ಗಾಡಿಯಲ್ಲಿ ಕೂರಿಸಿ, ಹಾಡುತ್ತಾ, ಬೀದಿಯುದ್ದಕ್ಕೂ ಮೆರವಣಿಗೆಯಲ್ಲಿ ಮನೆಗೆ ಕರೆತಂದರು. ಕಿಟಕಿಯ ಪಕ್ಕದ ಹಾಸಿಗೆಯಿಂದ ಲೊವೀನಾ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.

ಮರುವರ್ಷ ಆ ನೋಟ್‌ಬುಕ್ಕುಗಳಿಂದಲೇ ಪಾದ್ರಿಯ ನಿಜವಾದ ಪುಸ್ತಕ ಅಚ್ಚಾಯಿತು. ಅವರೇ ಹಟ ಹಿಡಿದು, ಮೊದಲ ಪುಟದಲ್ಲಿ ತಮ್ಮ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಥರ್ಜಾಳ ಹೆಸರನ್ನೂ ಹಾಕಿಸಿದರು.